ಅಪ್ಪನಿಗೆ ಹೇಳದೆ ಉಳಿಸಿಕೊಂಡ ಮಾತು

ನಾಲ್ಕು ವರ್ಷದ ಹಿಂದೆ. ತುಮಕೂರಿನ ಒಂದು ಆಸ್ಪತ್ರೆಯಲ್ಲಿ ವಾರ್ಡಿನ ಹೊರಗೆ ಚಾಪೆ ಹಾಸಿಕೊಂಡು ಮಲಗಿದ್ದೆ. ರಾತ್ರಿ ಎರಡು ಗಂಟೆ ಇರಬಹುದು. ಒಳಗಿಂದ ಅಪ್ಪನ ಕೂಗು ಕೇಳಿಸಿತು. ಎದ್ದು ಓಡಿದೆ.

ಅಪ್ಪ ಮಂಚದ ಮೇಲೆ ಅರ್ಧ ಎದ್ದು ಕೂತು, ಮೂತ್ರಕ್ಕೆ ಹಾಕಿದ್ದ ಪೈಪನ್ನು ಹಿಡಿದು ಎಳೆಯುತ್ತಿದ್ದ. ಮಂಚಕ್ಕೆ ತೂಗುಹಾಕಿದ್ದ ಚೀಲದ ತುಂಬ ಕೆಂಪು ನೀರು. “ರಕ್ತ ಎಲ್ಲಾ ಹರಿದೋಯ್ತೈತೆ ಕಣ್ಲಾ, ಯಾರೂ ನೋಡ್ತಿಲ್ಲ, ಕಿತ್ತಾಕು ಇದನ್ನ” ಅಂತ ಕೂಗುತ್ತಿದ್ದ. ಇಬ್ಬರು ಸಿಸ್ಟರ್, ಒಬ್ಬ ವಾರ್ಡ್ ಬಾಯ್ ಸೇರಿ ಹಿಡಿದುಕೊಂಡರು. ಆ ಪೈಪಿನ ತುದಿಯಲ್ಲಿ ಒಳಗಡೆ ಒಂದು ಸಣ್ಣ ಬಲೂನು ಉಬ್ಬಿಸಿರುತ್ತಾರೆ, ಹಾಗೇ ಎಳೆದರೆ ಮೂತ್ರದ ದಾರಿ ಹರಿಯುತ್ತದೆ. ಬೇರೆ ದಾರಿ ಕಾಣದೆ ಬ್ಯಾಂಡೇಜ್ ಬಟ್ಟೆಯಲ್ಲಿ ಅಪ್ಪನ ಎರಡೂ ಕೈಯನ್ನು ಮಂಚದ ಕಂಬಿಗೆ ಕಟ್ಟಿದರು. ಬೆಳಗಿನವರೆಗೂ ಹಾಗೇ ಇದ್ದ. ನಾನು ಪಕ್ಕದಲ್ಲೇ ಕೂತಿದ್ದೆ. ಒಂದು ಸಲವೂ ನನ್ನ ಮುಖ ನೋಡಲಿಲ್ಲ.

ಅಪ್ಪನಿಗೆ ಆಗಿದ್ದು ಪ್ರಾಸ್ಟೇಟ್ ಆಪರೇಷನ್. ವಯಸ್ಸಾದ ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಈ ಗ್ರಂಥಿ ದಪ್ಪಗಾಗಿ ಮೂತ್ರ ಕಟ್ಟಿಕೊಳ್ಳುತ್ತದೆ. ಹೊಟ್ಟೆ ಕುಯ್ಯುವುದಿಲ್ಲ. ಮೂತ್ರದ ದಾರಿಯಲ್ಲೇ ಸಣ್ಣ ದುರ್ಬೀನು ಇಳಿಸಿ, ಅಡ್ಡ ಬಂದ ಭಾಗವನ್ನು ಕೆರೆದು ತೆಗೆಯುತ್ತಾರೆ. ಒಳಗೆ ಗಾಯ ಇರುವುದರಿಂದ ಒಂದೆರಡು ದಿನ ಮೂತ್ರ ಕೆಂಪಗೆ ಬರುತ್ತದೆ. ಹೆಪ್ಪುಗಟ್ಟದಿರಲಿ ಅಂತ ಪೈಪಿನಲ್ಲಿ ನೀರು ಬಿಟ್ಟು ತೊಳೆಯುತ್ತಿರುತ್ತಾರೆ. ಚೀಲದಲ್ಲಿ ಇದ್ದದ್ದು ಬಹುಪಾಲು ಆ ನೀರೇ. ಸ್ವಲ್ಪ ರಕ್ತ ಸೇರಿದರೂ ಪೂರ್ತಿ ಕೆಂಪಗೆ ಕಾಣುತ್ತದೆ. ಇಷ್ಟು ಅಪ್ಪನಿಗೆ ಗೊತ್ತಿದ್ದಿದ್ದರೆ ಆ ರಾತ್ರಿ ಅವನು ಕೂಗುತ್ತಿರಲಿಲ್ಲ ಅನ್ನಿಸುತ್ತದೆ.

ಅದಕ್ಕೂ ಮೊದಲು ಸಂಜೆಯೇ ಶುರುವಾಗಿತ್ತು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದಿಂದ ಕೆಳಗೆ ಮಾತ್ರ ಜೋಮು ಹಿಡಿಸಿದ್ದರು. ವಾರ್ಡಿಗೆ ತಂದು ಮಲಗಿಸಿದಾಗ ಅಪ್ಪ ತನ್ನ ತೊಡೆ ಮುಟ್ಟಿಕೊಂಡು ನೋಡಿದ. “ಇದು ನನ್ನ ಕಾಲಲ್ಲ” ಅಂದ. ನಾನು ನಕ್ಕುಬಿಟ್ಟೆ. ಎರಡು ಮೂರು ಗಂಟೆಯಲ್ಲಿ ಸರಿಹೋಗುತ್ತೆ ಅಂತ ಸಿಸ್ಟರ್ ಹೇಳಿಹೋದರು. ಆದರೆ ಆ ಎರಡು ಮೂರು ಗಂಟೆ, ಜೀವಮಾನವೆಲ್ಲ ತೋಟದಲ್ಲಿ ನಡೆದ ಆ ಮನುಷ್ಯ, ಇನ್ನು ನಾನು ಏಳುವುದಿಲ್ಲ ಅಂದುಕೊಂಡು ಸೂರು ನೋಡುತ್ತಾ ಮಲಗಿದ್ದ. ಇದನ್ನು ಅವನು ನನಗೆ ಹೇಳಿದ್ದು ಬಹಳ ದಿನ ಆದ ಮೇಲೆ.

ನಾಲ್ಕನೇ ದಿನ ಮನೆಗೆ ಕಳಿಸಿದರು. ಆಪರೇಷನ್ ಚೆನ್ನಾಗಿ ಆಗಿದೆ ಅಂದರು. ನಿಜಕ್ಕೂ ಚೆನ್ನಾಗಿಯೇ ಆಗಿತ್ತು. ಈವತ್ತು ಅಪ್ಪನಿಗೆ ಆ ತೊಂದರೆ ಇಲ್ಲ. ಆದರೆ ಮೊದಲ ನಾಲ್ಕೈದು ವಾರ ಉರಿ, ಪದೇ ಪದೇ ಎದ್ದು ಹೋಗುವುದು, ಹೋಗುವಷ್ಟರಲ್ಲಿ ಪಂಚೆ ಒದ್ದೆ ಆಗುವುದು ಇತ್ತು. ಈ ಆಪರೇಷನ್ ಆದವರಿಗೆ ಇದು ಸಾಮಾನ್ಯ, ತಾನಾಗೇ ಕಡಿಮೆಯಾಗುತ್ತದೆ. ಅಪ್ಪನಿಗೆ ಅದು ಗೊತ್ತಿಲ್ಲ. ಅವನ ಲೆಕ್ಕದಲ್ಲಿ ಇದ್ದ ಕಾಯಿಲೆ ಹೋಗಿ ಹೊಸ ಕಾಯಿಲೆ ಬಂದಿತ್ತು. ಟೀ ಅಂಗಡಿ ಮುಂದೆ ಕೂತು ಎಲ್ಲರಿಗೂ ಹೇಳಿದ: “ಕಳ್ಳನ್ನ ಕಟ್ಟಿದಂಗೆ ಕಟ್ಟಾಕಿದ್ರು. ನನ್ನ ಹಾಳು ಮಾಡಿ ಕಳ್ಸಿದ್ರು.” ಆಮೇಲೆ ಎಲ್ಲ ಸರಿಹೋಯಿತು, ಆದರೆ ಆ ಮಾತು ಮಾತ್ರ ಬದಲಾಗಲಿಲ್ಲ. ನಮ್ಮೂರಿನ ಇನ್ನೊಬ್ಬರು ಇದೇ ತೊಂದರೆಗೆ ಆಪರೇಷನ್ ಮಾಡಿಸಬೇಕಿತ್ತು. ಅಪ್ಪನ ಮಾತು ಕೇಳಿ ಒಂದು ವರ್ಷ ಹೋಗಲೇ ಇಲ್ಲ, ಪೈಪು ಹಾಕಿಕೊಂಡೇ ಓಡಾಡಿದರು.

ಇಷ್ಟರವರೆಗೆ ಓದಿದವರು ಆಸ್ಪತ್ರೆಯವರನ್ನು ಬೈಯುತ್ತಿರಬಹುದು. ನಾನೂ ಬೈಯುತ್ತಿದ್ದೆ. ಈಗ ಉಳಿದ ಅರ್ಧ ಹೇಳುತ್ತೇನೆ.

ಆಪರೇಷನ್ನಿನ ಹಿಂದಿನ ದಿನ ಸಂಜೆ ಒಬ್ಬ ಕಿರಿಯ ಡಾಕ್ಟರು ನನ್ನನ್ನು ಹೊರಗೆ ಕರೆದು ಐದು ನಿಮಿಷ ಮಾತಾಡಿದ್ದರು. ಬೆನ್ನಿಗೆ ಇಂಜೆಕ್ಷನ್ ಕೊಡ್ತೀವಿ, ಕಾಲು ಜೋಮು ಹಿಡಿಯುತ್ತೆ, ಪೈಪು ಇರುತ್ತೆ, ಮೂತ್ರ ಕೆಂಪಗಿರುತ್ತೆ, ಮನೆಗೆ ಹೋದ ಮೇಲೆ ಕೆಲವು ವಾರ ಉರಿ ಇರುತ್ತೆ. ಎಲ್ಲವನ್ನೂ ಹೇಳಿದ್ದರು. ನನಗೆ ಹೇಳಿದ್ದರು. ನಾನು ಪತ್ರಿಕೆಗೆ ಸುದ್ದಿ ಕಳಿಸುವವನು, ಅಭ್ಯಾಸಬಲದಿಂದ ಫೋನಿನಲ್ಲಿ ಬರೆದುಕೊಂಡೂ ಇದ್ದೆ. ಇಂಗ್ಲಿಷಿನಲ್ಲಿದ್ದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವನೂ ನಾನೇ. ಅಪ್ಪನ ಹತ್ತಿರ ಹೋಗಿ ಹೇಳಿದ್ದು ಮಾತ್ರ ಇಷ್ಟು: “ಏನಿಲ್ಲಪ್ಪ, ಸಣ್ಣ ಆಪರೇಷನ್ನು. ಒಂದು ಇಂಜೆಕ್ಷನ್ ಕೊಡ್ತಾರೆ, ಅರ್ಧ ಗಂಟೆ ಅಷ್ಟೆ.”

ಯಾಕೆ ಹೇಳಲಿಲ್ಲ? ಹೆದರುತ್ತಾನೆ ಅಂತ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಹೀಗೇ ತಾನೆ? ದೊಡ್ಡವರಿಗೆ ಕಾಯಿಲೆ ವಿಷಯ ಹೇಳಬಾರದು, ಧೈರ್ಯ ಕಳೆದುಕೊಳ್ಳುತ್ತಾರೆ. ಇನ್ನೊಂದು ಕಾರಣವೂ ಇತ್ತು, ಅದನ್ನು ಒಪ್ಪಿಕೊಳ್ಳುವುದು ಕಷ್ಟ. ಮಗ ಅಪ್ಪನ ಜೊತೆ ಆ ಜಾಗದ ಬಗ್ಗೆ ಮಾತಾಡುವುದು ಹೇಗೆ? ನಾಚಿಕೆ. ಡಿಪ್ಲೊಮಾದಲ್ಲಿ ನಮಗೆ ಯಾರನ್ನು ಬೇಕಾದರೂ ಪ್ರಶ್ನೆ ಕೇಳುವುದು ಕಲಿಸಿದ್ದರು. ಹೆತ್ತ ಅಪ್ಪನಿಗೆ ಉತ್ತರ ಹೇಳುವುದು ಕಲಿಸಿರಲಿಲ್ಲ. ಅಪ್ಪ ದಿನಾ ಪೇಪರನ್ನು ಮೊದಲ ಪುಟದಿಂದ ಕೊನೆ ಪುಟದವರೆಗೆ ಓದುವವನು. ಅವನ ದೇಹದ ಸುದ್ದಿಯನ್ನು ಮಾತ್ರ ಅವನಿಂದ ಮುಚ್ಚಿಟ್ಟೆ.

ಅಪ್ಪನ ಬದಲು ನಾನು ಸಹಿ ಹಾಕಿದ್ದು ಸರಿಯೇ ಅನ್ನುವ ಪ್ರಶ್ನೆ ಆಮೇಲೆ ಬಂತು. ಹುಡುಕಿದಾಗ ಸುಪ್ರೀಂ ಕೋರ್ಟಿನ ಒಂದು ತೀರ್ಪು ಸಿಕ್ಕಿತು. ಸಮೀರಾ ಕೊಹ್ಲಿ ಪ್ರಕರಣ, 2008ರ ಜನವರಿ 16ರಂದು ಬಂದದ್ದು. ದೆಹಲಿಯಲ್ಲಿ 1995ರಲ್ಲಿ ಆ ಮಹಿಳೆ ಹೊಟ್ಟೆಯೊಳಗೆ ದುರ್ಬೀನು ಹಾಕಿ ಪರೀಕ್ಷೆ ಮಾಡಿಸಿಕೊಳ್ಳಲು ಒಪ್ಪಿದ್ದರು. ಅವರು ಮತ್ತಿನಲ್ಲಿದ್ದಾಗಲೇ, ಹೊರಗಿದ್ದ ಅವರ ತಾಯಿಯ ಒಪ್ಪಿಗೆ ತೆಗೆದುಕೊಂಡು ಗರ್ಭಕೋಶ, ಅಂಡಾಶಯಗಳನ್ನೇ ತೆಗೆದುಬಿಟ್ಟರು. ಕೋರ್ಟು ಹೇಳಿದ್ದು ಸ್ಪಷ್ಟ: ಜೀವಕ್ಕೆ ತಕ್ಷಣದ ಅಪಾಯ ಇಲ್ಲದಿದ್ದಾಗ, ವಯಸ್ಸಿಗೆ ಬಂದ, ಬುದ್ಧಿ ಸರಿಯಿರುವ ಮನುಷ್ಯನ ಒಪ್ಪಿಗೆಯನ್ನು ಅವರೇ ಕೊಡಬೇಕು. ತಾಯಿ ಕೊಟ್ಟರೂ ನಡೆಯುವುದಿಲ್ಲ. ಸಹಿ ಒಂದಿದ್ದರೂ ಸಾಲದು. ಏನು ಮಾಡುತ್ತಾರೆ, ಯಾಕೆ, ಇದರಿಂದ ಏನು ಅನುಕೂಲ, ಬೇರೆ ದಾರಿ ಇದೆಯೇ, ಮುಖ್ಯವಾದ ಅಪಾಯ ಏನು, ಮಾಡಿಸದಿದ್ದರೆ ಏನಾಗುತ್ತದೆ ಅನ್ನುವುದನ್ನು ತಿಳಿಸಿರಬೇಕು. ಹಾಗೆ ತಿಳಿದು ಕೊಟ್ಟದ್ದು ಮಾತ್ರ ಒಪ್ಪಿಗೆ.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ರೂಪಿಸಿದ ರೋಗಿಗಳ ಹಕ್ಕುಗಳ ಪಟ್ಟಿಯಲ್ಲೂ ಮೊದಲನೆಯದೇ ಮಾಹಿತಿ ಪಡೆಯುವ ಹಕ್ಕು. ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಅನ್ನುವುದೂ ಅದರಲ್ಲಿದೆ.

ಆದರೆ ಕಾನೂನಿಗಿಂತ ನನಗೆ ಹೆಚ್ಚು ತಟ್ಟಿದ್ದು ಬೇರೆ ಒಂದು ವಿಷಯ. ಹೇಳುವುದು ಬರೀ ಹಕ್ಕಲ್ಲ, ಅದು ಔಷಧಿಯ ಹಾಗೆ ಕೆಲಸವನ್ನೂ ಮಾಡುತ್ತದೆ. ಅಮೆರಿಕದ ಬೋಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಲಾರೆನ್ಸ್ ಎಗ್ಬರ್ಟ್ ಅನ್ನುವ ಮತ್ತು ಕೊಡುವ ಡಾಕ್ಟರು ಮತ್ತವರ ಜೊತೆಯವರು ಒಂದು ಪರೀಕ್ಷೆ ಮಾಡಿದರು. ಅದರ ವರದಿ ಬಂದದ್ದು 1964ರಲ್ಲಿ. ಹೊಟ್ಟೆಯ ಆಪರೇಷನ್ ಆಗಬೇಕಿದ್ದ 97 ಜನ. ಅವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಮೊದಲೇ ಕೂತು ಹೇಳಿದರು: ಎಚ್ಚರವಾದಾಗ ನೋವು ಎಲ್ಲಿರುತ್ತದೆ, ಎಷ್ಟಿರುತ್ತದೆ, ಎಷ್ಟು ದಿನ ಇರುತ್ತದೆ, ಅದು ಯಾಕೆ ಬರುತ್ತದೆ, ಮೈ ಸಡಿಲ ಬಿಡುವುದು ಹೇಗೆ, ಮಗ್ಗುಲು ಬದಲಿಸುವುದು ಹೇಗೆ. ಉಳಿದವರಿಗೆ ನೋವಿನ ಬಗ್ಗೆ ಏನೂ ಹೇಳಲಿಲ್ಲ. ಆಪರೇಷನ್ ಮಾಡಿದ ಸರ್ಜನ್ನುಗಳಿಗೆ ಯಾರಿಗೆ ಹೇಳಿದ್ದಾರೆ, ಯಾರಿಗೆ ಹೇಳಿಲ್ಲ ಅನ್ನುವುದು ಗೊತ್ತಿರಲಿಲ್ಲ. ಕೊನೆಗೆ ನೋಡಿದರೆ, ಹೇಳಿಸಿಕೊಂಡವರಿಗೆ ನೋವು ಕಳೆಯುವ ಮದ್ದು ಸುಮಾರು ಅರ್ಧದಷ್ಟೇ ಸಾಕಾಗಿತ್ತು. ಸರಾಸರಿ 2.7 ದಿನ ಮೊದಲೇ ಮನೆಗೆ ಹೋಗಿದ್ದರು.

ಆಮೇಲೆ ಇಂಥ ಪರೀಕ್ಷೆಗಳು ಬಹಳ ಆಗಿವೆ. ಕಾಕ್ರೇನ್ ಅನ್ನುವ ಸಂಸ್ಥೆ 2016ರಲ್ಲಿ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಎಲ್ಲ ಅಧ್ಯಯನಗಳೂ ಗಟ್ಟಿಯಾಗಿಲ್ಲ ಅಂತ ಅದು ಹೇಳಿತು. ಆದರೂ ಮೊದಲೇ ಮನಸ್ಸನ್ನು ತಯಾರು ಮಾಡಿದರೆ ನೋವು, ಕಳವಳ ಸ್ವಲ್ಪ ಕಡಿಮೆಯಾಗಬಹುದು, ಆಸ್ಪತ್ರೆಯಲ್ಲಿ ಇರುವುದು ಅರ್ಧ ದಿನದಷ್ಟು ಕಡಿಮೆಯಾಗಬಹುದು ಅಂತಲೂ ಹೇಳಿತು. ಇದಕ್ಕೆ ಹೊಸ ಮಿಷನ್ನು ಬೇಕಿಲ್ಲ. ಬೇಕಾಗಿರುವುದು ಕೂತು ಆಡುವ ನಾಲ್ಕು ಮಾತು.

ಇದು ನಮಗೆ ಗೊತ್ತಿಲ್ಲದ ವಿಷಯವೇನಲ್ಲ. ಗುಬ್ಬಿ ವೀರಣ್ಣನವರ ಊರಿನವರು ನಾವು. ಈಗಲೂ ನಮ್ಮ ಹಳ್ಳಿಗಳಲ್ಲಿ ರಾತ್ರಿಯಿಡೀ ಕುರುಕ್ಷೇತ್ರ ನಾಟಕ ಆಡುತ್ತಾರೆ. ಕೊನೆಗೆ ದುರ್ಯೋಧನ ತೊಡೆ ಮುರಿದು ಬೀಳುತ್ತಾನೆ ಅಂತ ಚಿಕ್ಕ ಮಗುವಿಗೂ ಗೊತ್ತು. ಗೊತ್ತಿರುವುದರಿಂದಲೇ ಅಭಿಮನ್ಯು ಸತ್ತಾಗ ಯಾರೂ ಎದ್ದು ಓಡುವುದಿಲ್ಲ. ಮುಂದೆ ಏನು ಬರುತ್ತದೆ ಅಂತ ಗೊತ್ತಿದ್ದವರು ಬೆಳಗಿನವರೆಗೂ ಕೂರುತ್ತಾರೆ. ಅಪ್ಪನನ್ನು ನಾನು ಕಥೆಯೇ ಗೊತ್ತಿಲ್ಲದ ನಾಟಕದಲ್ಲಿ, ಅದೂ ಸ್ಟೇಜಿನ ಮೇಲೆ, ಒಬ್ಬನನ್ನೇ ಬಿಟ್ಟುಬಂದಿದ್ದೆ.

ಇದು ಪೂರ್ತಿ ಅರ್ಥವಾಗಿದ್ದು ಹೋದ ವರ್ಷ ಅಮ್ಮನ ಕಣ್ಣಿನ ಪೊರೆ ಆಪರೇಷನ್ ಆದಾಗ.

ಅಮ್ಮನಿಗೆ ಅದು ಎರಡನೇ ಆಪರೇಷನ್. ನಮ್ಮ ಕಡೆ ಹೆಂಗಸರನ್ನು “ಆಪರೇಷನ್ ಆಯ್ತಾ?” ಅಂತ ಕೇಳಿದರೆ ಒಂದೇ ಅರ್ಥ, ಮಕ್ಕಳಾಗದ ಆಪರೇಷನ್. ಅಮ್ಮನಿಗೆ ಅದಾಗಿದ್ದು ನನ್ನ ತಂಗಿ ಹುಟ್ಟಿದ ಮೇಲೆ, ಒಂದು ಕ್ಯಾಂಪಿನಲ್ಲಿ. ಆ ದಿನದ ಬಗ್ಗೆ ಅಮ್ಮ ಹೆಚ್ಚು ಮಾತಾಡುವವಳಲ್ಲ. ಕಣ್ಣಿನ ಆಸ್ಪತ್ರೆಗೆ ಹೋಗುವ ದಿನ, ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಕಾಯುತ್ತಾ ಹೇಳಿದಳು: “ಚಾಪೆ ಮೇಲೆ ಸಾಲಾಗಿ ಮಲಗ್ಸಿದ್ರು ಕಣಪ್ಪ. ಒಬ್ಬೊಬ್ಬರನ್ನೇ ಎಬ್ಬಿಸಿ ಕರ್ಕೊಂಡೋದ್ರು. ಏನ್ ಮಾಡ್ತೀವಿ ಅಂತ ಒಬ್ರೂ ಹೇಳ್ಲಿಲ್ಲ. ಮೂರು ತಿಂಗಳು ಹೊಟ್ಟೆ ಒಳಗೆ ಕತ್ರಿ ಬಿಟ್ಟವ್ರೇನೋ ಅಂತ ಭಯ ನಂಗೆ.” ಮೂವತ್ತು ವರ್ಷದ ಹಿಂದಿನ ಮಾತು. ನನಗೆ ಅದೇ ಮೊದಲು ಕೇಳಿದ್ದು.

ಈ ಕ್ಯಾಂಪುಗಳ ವಿಷಯ ಸುಪ್ರೀಂ ಕೋರ್ಟಿಗೂ ಹೋಗಿತ್ತು. ಬಿಹಾರದ ಅರಾರಿಯಾ ಜಿಲ್ಲೆಯಲ್ಲಿ 2012ರ ಜನವರಿಯಲ್ಲಿ ಒಂದೇ ಕ್ಯಾಂಪಿನಲ್ಲಿ 53 ಹೆಂಗಸರಿಗೆ ಆಪರೇಷನ್ ಮಾಡಿದ್ದರ ಬಗ್ಗೆ ದೇವಿಕಾ ಬಿಸ್ವಾಸ್ ಎಂಬುವರು ಹಾಕಿದ ಅರ್ಜಿ ಅದು. 2016ರ ಸೆಪ್ಟೆಂಬರ್ 14ರ ತೀರ್ಪಿನಲ್ಲಿ ಕೋರ್ಟು, ಇಂಥ ಕ್ಯಾಂಪುಗಳನ್ನು ಮೂರು ವರ್ಷದೊಳಗೆ ನಿಲ್ಲಿಸುವಂತೆ ಸರ್ಕಾರಗಳಿಗೆ ಹೇಳಿತು. ಆಪರೇಷನ್ನಿನ ವಿವರ ಸ್ಥಳೀಯ ಭಾಷೆಯಲ್ಲಿ ಇರಬೇಕು, ಅದನ್ನು ವಿವರಿಸಿ ಹೇಳಬೇಕು ಅಂದಿತು. ಅದರಲ್ಲಿ ನನಗೆ ಬಹಳ ಹಿಡಿಸಿದ ಒಂದು ಮಾತಿದೆ. ಹೇಳಿದ ಮೇಲೆ ಸುಮಾರು ಒಂದು ಗಂಟೆ ಯೋಚನೆ ಮಾಡಲು ಬಿಡಬೇಕಂತೆ, ಮನಸ್ಸು ಬದಲಾದರೆ ಎದ್ದು ಹೋಗಲಿ ಅಂತ. ನಮ್ಮ ಅಮ್ಮನಿಗೆ ಯಾರೂ ಕೊಡದ ಒಂದು ಗಂಟೆ ಅದು.

ಕಣ್ಣಿನ ಆಸ್ಪತ್ರೆಯಲ್ಲಿ ಬೇರೆಯದೇ ನಡೆಯಿತು. ಆವತ್ತು ಆಪರೇಷನ್ ಇದ್ದ ಆರೇಳು ಜನರನ್ನು ಒಂದು ಬೆಂಚಿನ ಮೇಲೆ ಕೂರಿಸಿ ಒಬ್ಬ ಸಿಸ್ಟರ್ ಕಾಲು ಗಂಟೆ ಮಾತಾಡಿದರು. ಡಾಕ್ಟರಲ್ಲ, ಸಿಸ್ಟರ್. “ಅಮ್ಮಾ, ಪೂರ್ತಿ ಮತ್ತು ಕೊಡಲ್ಲ, ಎಚ್ಚರ ಇರ್ತೀರಿ. ಮುಖದ ಮೇಲೆ ಬಟ್ಟೆ ಮುಚ್ತಾರೆ, ಉಸಿರು ಕಟ್ಟಲ್ಲ, ಗಾಳಿ ಬರುತ್ತೆ. ಜೋರು ಬೆಳಕು ಕಾಣುತ್ತೆ. ಮಿಷನ್ ಸದ್ದು ಕೇಳುತ್ತೆ. ಕಿವಿ ಹತ್ರ ತಣ್ಣಗೆ ನೀರು ಹರಿಯುತ್ತೆ, ಅದು ರಕ್ತ ಅಲ್ಲ. ಕೆಮ್ಮು ಬಂದ್ರೆ ತಲೆ ಆಡಿಸ್ಬೇಡಿ, ಮೊದಲು ಬಾಯಲ್ಲಿ ಹೇಳಿ, ಡಾಕ್ಟ್ರು ಕೈ ತೆಗೀತಾರೆ. ನಾಳೆ ಪಟ್ಟಿ ಬಿಚ್ಚಿದಾಗ ಮಂಜು ಮಂಜಾಗಿ ಕಾಣ್ಬಹುದು, ಹೆದರ್ಬೇಡಿ. ನೋವು ಜಾಸ್ತಿ ಆದ್ರೆ, ಕಣ್ಣು ಕೆಂಪಗಾದ್ರೆ, ಕಾಣೋದು ಕಡಿಮೆ ಆದ್ರೆ ಮಾತ್ರ ತಕ್ಷಣ ಬನ್ನಿ.” ಆಮೇಲೆ ಒಬ್ಬೊಬ್ಬರ ಕೈಲೂ ತಿರುಗಿ ಹೇಳಿಸಿದರು. “ಕೆಮ್ಮು ಬಂದ್ರೆ ಏನ್ ಮಾಡ್ತೀರಿ?” ಅಮ್ಮ ಸ್ಕೂಲು ಹುಡುಗಿಯ ಹಾಗೆ ಎದ್ದು ನಿಂತು ಉತ್ತರ ಹೇಳಿದಳು.

ಅಮ್ಮನಿಗೂ ನೋವಾಗಿತ್ತು. ಪಟ್ಟಿ ಬಿಚ್ಚಿದ ದಿನ ಅವಳಿಗೂ ಮಂಜಾಗಿಯೇ ಕಂಡಿತ್ತು. ಒಂದು ತಿಂಗಳು ತಲೆಗೆ ನೀರು ಹಾಕಿಕೊಳ್ಳಲಾಗದೆ ಗೊಣಗಿದಳು. ಆದರೆ ಒಂದು ದಿನವೂ ಆಪರೇಷನ್ ಕೆಟ್ಟಿತು ಅನ್ನಲಿಲ್ಲ. ಕೇಳಿದವರಿಗೆಲ್ಲ ಹೇಳಿದ್ದು ಒಂದೇ: “ಅವ್ರು ಹೆಂಗೆ ಹೇಳಿದ್ರೋ ಹಂಗೇ ಆಯ್ತು.”

ಈ ಮಾತನ್ನು ನಾನು ಬಹಳ ಯೋಚಿಸಿದ್ದೇನೆ. ಅಪ್ಪನ ಆಪರೇಷನ್ನೂ ಯಶಸ್ವಿ, ಅಮ್ಮನದೂ ಯಶಸ್ವಿ. ಒಬ್ಬ ಹಾಳು ಮಾಡಿದರು ಅನ್ನುತ್ತಾನೆ, ಇನ್ನೊಬ್ಬಳು ಕೈ ಮುಗಿಯುತ್ತಾಳೆ. ಹೇಳಿದ ಹಾಗೆ ಆದರೆ ನೋವೂ ಲೆಕ್ಕಕ್ಕೆ ಸಿಗುತ್ತದೆ. ಹೇಳದೆ ಬಂದದ್ದು ಸಣ್ಣದಾದರೂ ಮೋಸದ ಹಾಗೆ ಕಾಣುತ್ತದೆ. ಕಣ್ಣಿನದು ಸಣ್ಣದು, ಪ್ರಾಸ್ಟೇಟಿನದು ದೊಡ್ಡದು, ಎರಡೂ ಒಂದೇ ಅಲ್ಲ ಅಂತ ನೀವು ಅನ್ನಬಹುದು. ಸರಿ. ಆದರೆ ಅಪ್ಪ ನೆನಪಿಟ್ಟುಕೊಂಡಿರುವುದು ನೋವನ್ನಲ್ಲ, ಗೊತ್ತಿಲ್ಲದೆ ಹೆದರಿದ್ದನ್ನು, ಕೈ ಕಟ್ಟಿಸಿಕೊಂಡದ್ದನ್ನು.

ನನಗೆ ಪರಿಚಯದ ಒಬ್ಬ ಸರ್ಜನ್ ಹತ್ತಿರ ಇದನ್ನೆಲ್ಲ ಹೇಳಿದೆ. ಅವರು ಸಿಟ್ಟಾಗಲಿಲ್ಲ. “ಬೆಳಿಗ್ಗೆಯಿಂದ ನೂರು ಜನರನ್ನ ನೋಡಿರ್ತೀನಿ. ಒಬ್ಬೊಬ್ಬರಿಗೆ ಹತ್ತು ನಿಮಿಷ ಎಲ್ಲಿಂದ ತರಲಿ? ಇನ್ನೊಂದು, ಅಪಾಯ ಎಲ್ಲ ಬಿಡಿಸಿ ಹೇಳಿದ್ರೆ ಕೆಲವರು ರಾತ್ರೋರಾತ್ರಿ ಬಸ್ ಹತ್ತಿ ಹೋಗಿಬಿಡ್ತಾರೆ” ಅಂದರು. ಎರಡೂ ನಿಜ. ಎಲ್ಲ ಹೇಳಿದ ಮಾತ್ರಕ್ಕೆ ಭಯ ಹೋಗುತ್ತದೆ ಅಂತಲೂ ಇಲ್ಲ, ಕೆಲವರಿಗೆ ಹೆಚ್ಚಾಗಬಹುದು. ಆದರೆ ಕಣ್ಣಿನ ಆಸ್ಪತ್ರೆಯಲ್ಲಿ ಡಾಕ್ಟರ ಸಮಯ ಹೋಗಲಿಲ್ಲ. ಒಬ್ಬ ಸಿಸ್ಟರ್, ಒಂದು ಬೆಂಚು, ಕಾಲು ಗಂಟೆ. ಏಳು ಜನಕ್ಕೆ ಸಾಕಾಯಿತು. ಇನ್ನು ಹೆದರಿ ಓಡುವವರು ಕೇಳಿದ ಮಾತಿಗಿಂತ ಕೇಳದ ಮಾತಿಗೇ ಹೆಚ್ಚು ಓಡುತ್ತಾರೆ ಅನ್ನುವುದಕ್ಕೆ ನಮ್ಮೂರಿನಲ್ಲಿ ಪೈಪು ಹಾಕಿಕೊಂಡು ಒಂದು ವರ್ಷ ಕಳೆದವರೇ ಸಾಕ್ಷಿ.

ಸಣ್ಣ ಮಾತೂ ಎಷ್ಟು ಮುಖ್ಯ ಅನ್ನುವುದಕ್ಕೆ ಇನ್ನೊಂದು. ಅಪ್ಪನ ಪಕ್ಕದ ಮಂಚದಲ್ಲಿ ಕುಣಿಗಲ್ ಕಡೆಯವರೊಬ್ಬರು ಇದ್ದರು. ಬೆಳಿಗ್ಗೆ ಏನೂ ತಿನ್ನಬೇಡಿ ಅಂದಿದ್ದರು. ಅವರು ತಿನ್ನಲಿಲ್ಲ, ಒಂದು ಲೋಟ ಹಾಲು ಹಾಕಿದ ಕಾಫಿ ಕುಡಿದರು. ತಿನ್ನುವುದು ಬೇರೆ, ಕುಡಿಯುವುದು ಬೇರೆ ಅಲ್ಲವೇ? ಆವತ್ತು ಅವರ ಆಪರೇಷನ್ ಮುಂದಕ್ಕೆ ಹೋಯಿತು, ಬೈಗುಳವೂ ಸಿಕ್ಕಿತು. ಮತ್ತಿನಲ್ಲಿದ್ದಾಗ ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ, ಅದಕ್ಕೇ ಖಾಲಿ ಹೊಟ್ಟೆ ಇರಬೇಕು. ಈ ಕಾರಣವನ್ನು ಒಂದು ಮಾತಿನಲ್ಲಿ ಹೇಳಿದ್ದರೆ ಆ ಮನುಷ್ಯ ಕಾಫಿ ಮುಟ್ಟುತ್ತಿರಲಿಲ್ಲ.

ಈಗ ಅಪ್ಪನ ವಿಷಯಕ್ಕೆ ಬರುತ್ತೇನೆ. ಅವನಿಗೂ ಒಂದು ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಅಡಿಕೆ ಸುಲಿಯುವಾಗ ಬೆರಳು ಕುಯ್ದುಕೊಳ್ಳುತ್ತಿದ್ದ. ಸಂಜೆ ಮೇಲೆ ತೋಟಕ್ಕೆ ಹೋಗುವುದು ಬಿಟ್ಟ. ಪೇಪರ್ ಓದುವುದೂ ನಿಂತಿತು. ಆಪರೇಷನ್ ಅಂದರೆ ಸಾಕು, ಎದ್ದು ಹೊರಗೆ ಹೋಗುತ್ತಿದ್ದ. ಅವನ ತಲೆಯಲ್ಲಿ ಎರಡು ಚಿತ್ರ ಇದ್ದವು. ಒಂದು ಕೈ ಕಟ್ಟಿದ ಮಂಚ. ಇನ್ನೊಂದು ನಮ್ಮಜ್ಜಿ. ಅಜ್ಜಿ ಕಣ್ಣು ಮಾಡಿಸಿಕೊಂಡದ್ದು ಕ್ಯಾಂಪುಗಳ ಕಾಲದಲ್ಲಿ. ಕರ್ನಾಟಕದಲ್ಲಿ ಕಣ್ಣಿನ ಕ್ಯಾಂಪ್ ಅಂದರೆ ಡಾ. ಎಂ.ಸಿ. ಮೋದಿಯವರ ಹೆಸರು ಮನೆಮಾತಾಗಿದ್ದ ಕಾಲ. ಊರೂರಿನಲ್ಲಿ ಸಾವಿರಾರು ಬಡವರಿಗೆ ಕಣ್ಣು ಕೊಟ್ಟವರು ಅವರು. ಆಗಿನ ಪದ್ಧತಿಯಲ್ಲಿ ಕಣ್ಣಿನ ಮಸೂರ ತೆಗೆದರೆ ಬದಲಿಗೆ ಒಳಗೆ ಇಡುವುದು ಇರಲಿಲ್ಲ. ಆಪರೇಷನ್ ಆದವರು ದಿನಗಟ್ಟಲೆ ಅಲುಗಾಡದೆ ಮಲಗಬೇಕಿತ್ತು, ಆಮೇಲೆ ಜೀವಮಾನವೆಲ್ಲ ಸೋಡಾಬುಡ್ಡಿ ಕನ್ನಡಕ. ಈಗ ಒಳಗೇ ಹೊಸ ಮಸೂರ ಕೂರಿಸುತ್ತಾರೆ, ಅದೇ ದಿನ ನಡೆದು ಬರುತ್ತಾರೆ. ಅಪ್ಪ ಹೆದರುತ್ತಿದ್ದದ್ದು ಈಗ ಇಲ್ಲವೇ ಇಲ್ಲದ ಆಪರೇಷನ್ನಿಗೆ.

ಒಂದು ರಾತ್ರಿ ಊಟ ಆದ ಮೇಲೆ ಅಪ್ಪನ ಪಕ್ಕ ಕೂತು ಹೇಳಿದೆ. ಪೈಪಿನ ವಿಷಯ, ಕೆಂಪು ನೀರಿನ ವಿಷಯ, ಕಾಲು ಜೋಮಿನ ವಿಷಯ ನನಗೆ ಮೊದಲೇ ಗೊತ್ತಿತ್ತು ಅಂತ. ನೀನು ಹೆದರುತ್ತೀಯ ಅಂತ ಹೇಳಲಿಲ್ಲ ಅಂತ. ಅಪ್ಪ ಬಹಳ ಹೊತ್ತು ಸುಮ್ಮನಿದ್ದ. ಎಲೆಗೆ ಸುಣ್ಣ ಹಚ್ಚಿ ಮಡಚಿದ, ಬಾಯಿಗೆ ಹಾಕಿಕೊಳ್ಳಲಿಲ್ಲ.

“ಗೊತ್ತಿತ್ತಾ ನಿಂಗೆ?”

“ಹೂಂ.”

“ಹೇಳ್ಬೇಕಿತ್ತು ಕಣ್ಲಾ. ಹೆದರ್ಕತಿದ್ದೆ, ಆದ್ರೆ ಕಿತ್ತಾಕ್ತಿರಲಿಲ್ಲ.”

ಅಷ್ಟೇ ಅಂದದ್ದು. ಆಮೇಲೆ ಕಣ್ಣಿನ ಆಪರೇಷನ್ ಹೇಗಿರುತ್ತೆ ಅಂತ ಅಮ್ಮ ಪೂರ್ತಿ ಹೇಳಿದಳು, ಬಟ್ಟೆ, ಬೆಳಕು, ಕಿವಿ ಹತ್ತಿರದ ತಣ್ಣನೆ ನೀರು, ಎಲ್ಲ. ಅಪ್ಪ ಪ್ರಶ್ನೆ ಕೇಳಿದ. ಹದಿನೈದು ದಿನದ ನಂತರ ತಾನೇ ಹೊರಟ.

ಅಲ್ಲಿ ಕಣ್ಣಿನ ಡಾಕ್ಟರು ಒಂದು ಪ್ರಶ್ನೆ ಕೇಳಿದರು. “ಮೂತ್ರದ ತೊಂದರೆಗೆ ಯಾವತ್ತಾದ್ರೂ ಮಾತ್ರೆ ತಗೊಂಡಿದ್ರಾ?” ಅಪ್ಪ ಆಪರೇಷನ್ನಿಗೆ ಮೊದಲು ಎರಡು ವರ್ಷ ರಾತ್ರಿ ಒಂದು ಮಾತ್ರೆ ನುಂಗುತ್ತಿದ್ದ. ಹೆಸರು ಗೊತ್ತಿಲ್ಲ. ಹಳೇ ಚೀಟಿ ನನ್ನ ಫೋನಿನಲ್ಲಿತ್ತು: ಟ್ಯಾಮ್ಸುಲೋಸಿನ್. ಈ ಮಾತ್ರೆ ತೆಗೆದುಕೊಂಡವರಲ್ಲಿ ಪೊರೆ ತೆಗೆಯುವಾಗ ಕಣ್ಣಿನ ಪಾಪೆಯ ಪೊರೆ ಸಡಿಲವಾಗಿ ಅಲುಗಾಡಬಹುದು, ಕಿಂಡಿ ಚಿಕ್ಕದಾಗಬಹುದು. ಮೊದಲೇ ಗೊತ್ತಿದ್ದರೆ ಡಾಕ್ಟರು ಅದಕ್ಕೆ ಬೇಕಾದ ತಯಾರಿ ಮಾಡಿಕೊಳ್ಳುತ್ತಾರೆ. ಮಾತ್ರೆ ಬಿಟ್ಟು ವರ್ಷಗಳಾಗಿದ್ದರೂ ಹೇಳಬೇಕು, ನಾವೇ ನಿಲ್ಲಿಸಿ ಹೋಗುವುದೂ ಸರಿಯಲ್ಲ ಅಂದರು. ಮೂತ್ರದ ಮಾತ್ರೆಗೂ ಕಣ್ಣಿಗೂ ಸಂಬಂಧ ಇದೆ ಅಂತ ಯಾರಿಗೆ ಗೊತ್ತು? ಹೇಳುವುದು ಎರಡು ಕಡೆಯಿಂದಲೂ ಆಗಬೇಕು ಅನ್ನುವುದು ನನಗೆ ಆವತ್ತು ಗೊತ್ತಾಯಿತು. ತನಗೆ ಏನು ಕೊಟ್ಟರು ಅಂತ ತಿಳಿಯದ ರೋಗಿ ಮುಂದಿನ ಡಾಕ್ಟರಿಗೆ ಏನು ಹೇಳಿಯಾನು?

ಓದುತ್ತಿರುವ ನಿಮ್ಮ ಮನೆಯಲ್ಲೂ ಯಾರಿಗಾದರೂ ಆಪರೇಷನ್ ಇರಬಹುದು. ಹಿಂದಿನ ದಿನ ಈ ಪ್ರಶ್ನೆಗಳನ್ನು ಕೇಳಿ. ರೋಗಿ ಪಕ್ಕದಲ್ಲೇ ಇರಲಿ, ಅವರನ್ನು ಬಿಟ್ಟು ಹೊರಗೆ ಹೋಗಿ ಕೇಳಬೇಡಿ.

ಕಾಯಿಲೆಯ ಹೆಸರೇನು? ಯಾವ ಆಪರೇಷನ್? ಬೇರೆ ದಾರಿ ಇದೆಯಾ, ಮಾಡಿಸದಿದ್ದರೆ ಏನಾಗುತ್ತೆ?

ಮತ್ತು ಹೇಗೆ ಕೊಡುತ್ತೀರಿ? ಎಚ್ಚರ ಇರುತ್ತಾ? ಊಟ, ನೀರು, ಕಾಫಿ ಎಷ್ಟು ಗಂಟೆಗೆ ನಿಲ್ಲಿಸಬೇಕು?

ಕಣ್ಣು ಬಿಟ್ಟಾಗ ಮೈಮೇಲೆ ಏನೇನು ಪೈಪು, ಚೀಲ, ಪಟ್ಟಿ ಇರುತ್ತೆ? ಯಾವ ಬಣ್ಣ ಕಂಡರೆ ಹೆದರಬಾರದು?

ನೋವು ಎಲ್ಲಿ, ಎಷ್ಟು ದಿನ? ನೋವಾದರೆ ಯಾರನ್ನು ಕರೆಯಬೇಕು?

ಮನೆಗೆ ಹೋದ ಮೇಲೆ ಯಾವುದು ಸಹಜ, ಯಾವುದು ಕಂಡರೆ ತಕ್ಷಣ ಓಡಿ ಬರಬೇಕು?

ಖರ್ಚು ಎಷ್ಟು? ಆಯುಷ್ಮಾನ್ ಕಾರ್ಡಿನಲ್ಲಿ, ಯಶಸ್ವಿನಿಯಲ್ಲಿ ಬರುತ್ತಾ? ಆಸ್ಪತ್ರೆಯಲ್ಲಿ ಆರೋಗ್ಯಮಿತ್ರರು ಇದ್ದರೆ ಅವರನ್ನು ಕೇಳಿ.

ನೀವು ದಿನಾ ನುಂಗುವ ಮಾತ್ರೆ, ಹಿಂದೆ ನುಂಗುತ್ತಿದ್ದ ಮಾತ್ರೆ, ನಾಟಿ ಔಷಧಿ, ಎಲ್ಲವನ್ನೂ ನೀವಾಗಿ ಹೇಳಿ. ಚೀಟಿಗಳ ಫೋಟೊ ಫೋನಿನಲ್ಲಿ ಇಟ್ಟುಕೊಳ್ಳಿ. ನಿಮ್ಮ ಚಿಕಿತ್ಸೆಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ 2002ರ ನಿಯಮಾವಳಿಯೇ ಹೇಳುತ್ತದೆ. ಸಂಶಯ ಇದ್ದರೆ ಸರ್ಕಾರದ 104 ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಿ. ಸಹಿ ಹಾಕುವ ಮುಂಚೆ ಕಾಗದವನ್ನು ಕನ್ನಡದಲ್ಲಿ ಓದಿ ಹೇಳಿಸಿ. ರೋಗಿ ತಾನೇ ಸಹಿ ಮಾಡಲಿ.

ಅಪ್ಪನ ಕಣ್ಣಿನ ಪಟ್ಟಿ ಬಿಚ್ಚಿದ ದಿನ ನಾನು ಸುದ್ದಿಗೆ ಅಂತ ಹಾಗಲವಾಡಿ ಕಡೆ ಹೋಗಿದ್ದೆ. ಸಂಜೆ ಬಂದಾಗ ಜಗಲಿ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ. ಹೇಗಿದೆಯಪ್ಪ ಅಂದೆ.

“ಮಂಜು ಮಂಜಾಗೈತೆ” ಅಂದ. ಆಮೇಲೆ ತಾನೇ ಸೇರಿಸಿದ, “ಮೊದ್ಲು ಹಂಗೇ ಇರ್ತದೆ ಅಂತ ಹೇಳಿದ್ರಲ್ಲ.”